ಒಳ್ಳೆಯ ಕಾಲು

ಅವಳನ್ನು ಫುಟ್ಬಾಲ್ ತಂಡದವರೆಲ್ಲ ಗೋಡೆ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಗೋಲಿನ ಮುಂದೆ ನಿಂತು ಚೆಂಡಿನ ಸಮೇತ ನುಗ್ಗಿ ಬರುವವರನ್ನು ತಡೆಯುವುದು ಅವಳ ಕೆಲಸ. ಅವಳನ್ನು ದಾಟಿ ಹೋದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಂಥ ಗೋಡೆ ಈಗ ಬಸ್ಸಿನಿಂದ ಇಳಿಯುವಾಗ ಎರಡು ಕೈಯಲ್ಲೂ ಕಂಬಿ ಹಿಡಿದು, ಉಸಿರು ಬಿಗಿಹಿಡಿದು, ಎಡಗಾಲನ್ನು ಮೊದಲು ಇಳಿಸಿ, ಅದು ನಿಂತಿತೋ ಇಲ್ಲವೋ ಎಂದು ನೋಡಿಕೊಂಡು, ಆಮೇಲೆ ಬಲಗಾಲು ಇಡುತ್ತಿದ್ದಳು. ಹಿಂದೆ ನಿಂತ ಮುದುಕಿಯರು "ಬೇಗ ಇಳಿಯಮ್ಮ, ನಮಗೂ ಕೆಲಸ ಇದೆ" ಎನ್ನುತ್ತಿದ್ದರು.

ಒಂಬತ್ತು ತಿಂಗಳ ಹಿಂದೆ ಅವಳ ಎಡ ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿದಿತ್ತು. ಯಾರೂ ಮುಟ್ಟಿರಲಿಲ್ಲ. ಚೆಂಡು ಹಿಂದಕ್ಕೆ ಹೋಯಿತೆಂದು ಅವಳು ಥಟ್ಟನೆ ತಿರುಗಿದ್ದಳು, ಪಾದ ಹುಲ್ಲಿನಲ್ಲಿ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಯಾರಾದರೂ ಒದ್ದು ಬೀಳಿಸಿದ್ದರೆ ಶಾಪ ಹಾಕುವುದಕ್ಕೆ ಒಬ್ಬರು ಸಿಗುತ್ತಿದ್ದರು; ಅದೂ ಇಲ್ಲ. ಆಗ ಕೇಳಿದ ಟಪ್ ಎಂಬ ಸದ್ದು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಆಪರೇಷನ್ ಆಯಿತು, ಹೊಲಿಗೆ ಒಣಗಿತು, ಊರುಗೋಲನ್ನು ಆಸ್ಪತ್ರೆಗೆ ವಾಪಸ್ ಕೊಟ್ಟಾಯಿತು. ಅಡುಗೆಮನೆಯಲ್ಲಿ ಅವಳ ಅಮ್ಮ ಕೊತ್ತಂಬರಿ ಕಡ್ಡಿ ಮುರಿದರೂ ಎದೆ ಝಲ್ಲೆನ್ನುತ್ತಿತ್ತು.

ಚೇತರಿಸಿಕೊಳ್ಳುವವರ ಕೋಣೆ ಮೈದಾನದ ಮೆಟ್ಟಿಲುಗಳ ಕೆಳಗಿತ್ತು. ಮೊದಲು ಬಲೆ, ಬಾವುಟ, ಹರಿದ ಚೆಂಡುಗಳನ್ನು ತುಂಬುತ್ತಿದ್ದ ಜಾಗ ಅದು. ಚಾವಣಿ ಓರೆಯಾಗಿದ್ದುದರಿಂದ ಗೋಡೆಯಂಥ ಎತ್ತರದವರು ಮೂಲೆಗೆ ಹೋದರೆ ತಲೆ ತಗ್ಗಿಸಬೇಕು. ಒಂದು ಸೈಕಲ್ ಯಂತ್ರ, ಬಣ್ಣಬಣ್ಣದ ರಬ್ಬರ್ ಪಟ್ಟಿಗಳು, ನಿಂತರೆ ಓಲಾಡುವ ಮರದ ಹಲಗೆ, ನೋವಿನ ಎಣ್ಣೆಯ ವಾಸನೆ. ಈ ಕೋಣೆಯಲ್ಲಿ ಒಂಬತ್ತು ತಿಂಗಳು ಅವಳ ಜೊತೆಗಿದ್ದದ್ದು ಗುಬ್ಬಿ.

ಗುಬ್ಬಿಗೆ ಇಪ್ಪತ್ತೆರಡು. ಅಂಚಿನಲ್ಲಿ ಓಡುವ ಆಟಗಾರ್ತಿ. ಚೆಂಡು ಕಾಲಿಗೆ ಸಿಕ್ಕಿತೆಂದರೆ ಪುರ್ರೆಂದು ಹೋಗಿಬಿಡುತ್ತಿದ್ದಳು, ಅದಕ್ಕೇ ಆ ಹೆಸರು. ಗೋಡೆ ಬಿದ್ದ ಹನ್ನೆರಡು ದಿನಕ್ಕೆ ಅವಳೂ ಬಿದ್ದಿದ್ದಳು. ಅದೇ ಮೊಣಕಾಲು, ಅದೇ ಲಿಗಮೆಂಟ್. "ನಿನ್ನನ್ನ ಒಬ್ಳನ್ನೇ ಬಿಡೋಕೆ ಮನಸ್ಸಾಗ್ಲಿಲ್ಲ ಅಕ್ಕಾ" ಎಂದು ಆಸ್ಪತ್ರೆಯ ಹಾಸಿಗೆಯಲ್ಲೇ ನಗೆಚಾಟಿಕೆ ಮಾಡಿದ್ದಳು. ಬಾಯಿ ಒಂದು ಗಳಿಗೆ ಸುಮ್ಮನಿರದ ಹುಡುಗಿ. ಹೆದರಿಕೆ ಎನ್ನುವುದು ಇವಳ ಜಾತಕದಲ್ಲೇ ಬರೆದಿಲ್ಲ ಎಂದು ಗೋಡೆಗೆ ಅನಿಸುತ್ತಿತ್ತು, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಕೋಣೆಯ ಯಜಮಾನಿ ಫಿಸಿಯೋ ಮೇಡಂ. ಬಂದು ಮೂರು ತಿಂಗಳಾಗಿತ್ತು. ಹಿಂದಿನವನು ಹೋಗುವಾಗ ತನ್ನ ಪುಸ್ತಕವನ್ನೂ ಎತ್ತಿಕೊಂಡು ಹೋಗಿದ್ದನಾದ್ದರಿಂದ ಈ ಇಬ್ಬರ ಹಳೆಯ ಅಳತೆ ಒಂದೂ ಮೇಡಂ ಬಳಿ ಇರಲಿಲ್ಲ. ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು, ಯಾರನ್ನೂ ಹೊಗಳುತ್ತಿರಲಿಲ್ಲ. ಮೈದಾನಕ್ಕೆ ಮರಳಬೇಕಾದರೆ ಅವರ ಪರೀಕ್ಷೆ ದಾಟಬೇಕು. ಪರೀಕ್ಷೆ ಇಷ್ಟೇ: ಸೊಂಟದ ಮೇಲೆ ಕೈಯಿಟ್ಟುಕೊಂಡು ಒಂಟಿ ಕಾಲಲ್ಲಿ ಎಷ್ಟು ದೂರ ಹಾರಲಾಗುತ್ತದೋ ಅಷ್ಟು ಹಾರಬೇಕು, ಹಾರಿದ ಕಾಲಲ್ಲೇ ಅಲುಗಾಡದೆ ನಿಲ್ಲಬೇಕು. ಒಂದೊಂದು ಕಾಲಿಗೂ ಮೂರು ಸಲ. ಒಳ್ಳೆಯ ಕಾಲು ನೂರು ಹಾರಿದರೆ ಪೆಟ್ಟಾದ ಕಾಲು ತೊಂಬತ್ತಾದರೂ ಹಾರಬೇಕು. ಅಷ್ಟಾದರೆ ಪಾಸು. ಇಲ್ಲವಾದರೆ ಶುಕ್ರವಾರ ಸಂಜೆ ಐದಕ್ಕೆ ಕಳಿಸುವ ಸೀಸನ್ನಿನ ಪಟ್ಟಿಯಲ್ಲಿ ಹೆಸರಿಲ್ಲ. ಇಪ್ಪತ್ತೊಂಬತ್ತು ದಾಟಿದ ಗೋಡೆಗೆ, ಒಂದು ಸೀಸನ್ ಹೋಯಿತೆಂದರೆ ಮುಂದಿನದಕ್ಕೆ ಯಾರೂ ಕಾಯುವುದಿಲ್ಲವೆಂದು ಚೆನ್ನಾಗಿ ಗೊತ್ತಿತ್ತು.

ಪಾಸಾಗದಿದ್ದರೆ ಹೆಸರು ಹೋಗುತ್ತದಲ್ಲ ಎಂಬುದು ಒಂದು ಭಯ. ಪಾಸಾದರೆ ಮತ್ತೆ ಆ ಹುಲ್ಲಿನ ಮೇಲೆ ತಿರುಗಬೇಕಲ್ಲ ಎಂಬುದು ಅದಕ್ಕಿಂತ ದೊಡ್ಡ ಭಯ. ಎರಡರ ನಡುವೆ ಸಿಕ್ಕಿಕೊಂಡು ಅವಳು ಆ ವಾರ ಅನ್ನ ಕಲಸಿದ ತಟ್ಟೆಯನ್ನು ಹಾಗೇ ದೂಡುತ್ತಿದ್ದಳು.

ಮಂಗಳವಾರ ಗೋಡೆಯ ಸರದಿ. ಕೋಣೆಯ ನೆಲಕ್ಕೆ ಒಂದಡಿ ಅಗಲದ ಬಿಳಿ ಟೈಲ್ಸ್ ಹಾಕಿದ್ದರು. ಅಭ್ಯಾಸದಲ್ಲಿ ಅವಳ ಬಲಗಾಲು ಐದನೆಯ ಟೈಲ್ಸ್ ದಾಟಿ ಬೀಳುತ್ತಿತ್ತು, ಎಡಗಾಲು ನಾಲ್ಕು ದಾಟಿ ಸ್ವಲ್ಪ ಮುಂದೆ. ಎಡಗಾಲನ್ನು ಇನ್ನಷ್ಟು ಹಾರಿಸಲು ಅವಳಿಗೆ ಆಗುತ್ತಲೇ ಇರಲಿಲ್ಲ. ಹಾರುವಷ್ಟು ಬಲ ಬಂದಿತ್ತೋ ಏನೋ, ಇಳಿಯುವ ಧೈರ್ಯ ಬಂದಿರಲಿಲ್ಲ.

ಮೇಡಂ ಟೇಪು ಹಾಸಿ, "ಮೊದಲು ಒಳ್ಳೆ ಕಾಲು" ಎಂದರು.

ಗೋಡೆ ಬಲಗಾಲಲ್ಲಿ ನಿಂತಳು. ಹಾರುವ ಆ ಒಂದು ಕ್ಷಣದಲ್ಲಿ ಅವಳಿಗೆ ಹೊಳೆದದ್ದು, ಯೋಚಿಸಿ ಮಾಡಿದ್ದಲ್ಲ, ಹೊಳೆದದ್ದು: ಎಡಗಾಲನ್ನು ಮುಂದೆ ಕಳಿಸಲಾಗದಿದ್ದರೆ ಬಲಗಾಲನ್ನು ಹಿಂದೆ ಇಟ್ಟುಕೊಳ್ಳಬಹುದಲ್ಲ! ಅರ್ಧ ಉಸಿರಲ್ಲಿ ಹಾರಿದಳು. ಐದನೆಯ ಟೈಲ್ಸ್‌ನ ನಡುವೆ ಬಿದ್ದಳು.

"ನೂರ ನಲವತ್ತೆರಡು ಸೆಂಟಿಮೀಟರ್" ಎಂದರು ಮೇಡಂ. ಮಿಕ್ಕ ಎರಡನ್ನೂ ಅವಳು ಅಲ್ಲೇ ಆಸುಪಾಸಿನಲ್ಲಿ ಬೀಳಿಸಿದಳು. ಆಮೇಲೆ ಎಡಗಾಲಿನಲ್ಲಿ ಕಣ್ಣುಮುಚ್ಚಿ ಹಾರಿದಳು. ನೂರ ಮೂವತ್ತು. ಮೇಡಂ ಪೆನ್ಸಿಲಲ್ಲಿ ಲೆಕ್ಕ ಹಾಕಿ, "ತೊಂಬತ್ತೊಂದೂವರೆ. ಗುರುವಾರದಿಂದ ಮೈದಾನ" ಎಂದರು. ಮೂಲೆಯಲ್ಲಿ ಹಲಗೆಯ ಮೇಲೆ ಓಲಾಡುತ್ತ ನಿಂತಿದ್ದ ಗುಬ್ಬಿ ಚಪ್ಪಾಳೆ ತಟ್ಟಿದಳು. ಗೋಡೆಗೆ ಸಂತೋಷವಾಗಲಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಪಾಸಾದವರಿಗೆ ಮೇಲಿನ ತರಗತಿಯಲ್ಲಿ ಕೂರುವಾಗ ಏನಾಗುತ್ತದೋ ಅದೇ ಆಯಿತು.

ಬುಧವಾರ ಗುಬ್ಬಿಯ ಸರದಿ. ಬಾಗಿಲ ಬಳಿ ನಿಂತು ನೋಡುತ್ತಿದ್ದ ಗೋಡೆಗೆ ಮೊದಲ ನೆಗೆತದಲ್ಲೇ ಗೊತ್ತಾಗಿಹೋಯಿತು. ಈ ಹುಡುಗಿಯ ಒಳ್ಳೆಯ ಕಾಲೂ ಐದನೆಯ ಟೈಲ್ಸ್ ದಾಟುತ್ತದೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ಅದು ನಾಲ್ಕೂವರೆಗೆ ಮುಗ್ಗರಿಸಿದಂತೆ ಬಿತ್ತು. ಮೂರು ಸಲವೂ ಹಾಗೇ. ಒಳ್ಳೆಯ ಕಾಲು ನೂರ ಮೂವತ್ತಾರು, ಪೆಟ್ಟಾದದ್ದು ನೂರ ಇಪ್ಪತ್ತನಾಲ್ಕು. "ತೊಂಬತ್ತೊಂದು" ಎಂದರು ಮೇಡಂ.

ಹೊರಗೆ ನಲ್ಲಿಯ ಹತ್ತಿರ ಗುಬ್ಬಿ ಅವಳ ತೋಳು ಹಿಡಿದುಕೊಂಡಳು. "ಹೇಗಿತ್ತು ಅಕ್ಕಾ?"

"ಏನೇ ಮಾಡ್ದೆ ನೀನು?"

"ನೀನು ಮಾಡಿದ್ದನ್ನೇ." ಗುಬ್ಬಿ ಕಣ್ಣು ಮಿಟುಕಿಸಿದಳು. "ಒಂಬತ್ತು ತಿಂಗಳು ನಿನ್ನ ಕಾಲನ್ನೇ ನೋಡ್ಕೊಂಡು ಬಂದಿದೀನಿ, ನನಗೆ ಗೊತ್ತಾಗಲ್ವಾ? ನಾನಂತೂ ಆಸೆ ಬಿಟ್ಟಿದ್ದೆ. ನೀನು ನಿನ್ನೆ ದಾರಿ ತೋರಿಸ್ದೆ."

"ನಾನೇನೂ ತೋರಿಸ್ಲಿಲ್ಲ."

"ಸರಿ ಬಿಡು, ತೋರಿಸ್ಲಿಲ್ಲ. ನಾನೂ ಏನೂ ನೋಡ್ಲಿಲ್ಲ." ನಗುತ್ತ ಮುಖಕ್ಕೆ ನೀರು ಎರಚಿಕೊಂಡು ಹೊರಟಳು.

ಅಭ್ಯಾಸದಲ್ಲಿ ಗುಬ್ಬಿಯ ಒಳ್ಳೆಯ ಕಾಲು ಹಾರುತ್ತಿದ್ದದ್ದು ಸುಮಾರು ನೂರೈವತ್ತೈದು, ಪೆಟ್ಟಾದದ್ದು ನೂರ ಇಪ್ಪತ್ತನಾಲ್ಕು. ಬಸ್ಸಿನಲ್ಲಿ ಕೂತು ಗೋಡೆ ಬೆರಳು ಮಡಿಸಿ ಲೆಕ್ಕ ಹಾಕಿದಳು. ಎಂಬತ್ತು. ತನ್ನದಕ್ಕಿಂತ ಕಡಿಮೆ. ತಾನಾದರೋ ನಿಂತು ಆಡುವವಳು, ಈ ಹುಡುಗಿ ಪೂರ್ತಿ ವೇಗದಲ್ಲಿ ಓಡುತ್ತ ಎಡಕ್ಕೆ ಹೋದಂತೆ ಮಾಡಿ ಬಲಕ್ಕೆ ತಿರುಗುವವಳು. ಅವಳ ಆಟವೆಲ್ಲ ಆ ಮೊಣಕಾಲಿನ ಮೇಲೆ. ತನ್ನ ಕಾಲು ಮುರಿದರೆ ತಾನು ಮಾಡಿಕೊಂಡದ್ದು. ಅವಳದು ಮುರಿದರೆ? ಇಳಿಯುವ ಸ್ಟಾಪ್ ದಾಟಿ ಎರಡು ಸ್ಟಾಪ್ ಮುಂದೆ ಹೋಗಿದ್ದು ಆಮೇಲೆ ಗೊತ್ತಾಯಿತು.

ಗುರುವಾರ ಬೆಳಿಗ್ಗೆ ಮೈದಾನದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಹುಲ್ಲು ಕಂಡರೆ ಹಸುವಿಗಾಗುವ ಖುಷಿ ಈ ಆಟಗಾರರಿಗೂ ಆಗಬೇಕು. ಗೋಡೆ ಮಾತ್ರ ಅಂಚಿನಲ್ಲೇ ನಿಂತು ಬೂಟಿನ ತುದಿಯಿಂದ ಹುಲ್ಲನ್ನು ಒತ್ತಿ ನೋಡಿದಳು. ಒದ್ದೆ ಹುಲ್ಲಲ್ಲಿ ಪಾದ ಕಚ್ಚಿಕೊಳ್ಳುತ್ತದೆಯೇ, ಜಾರುತ್ತದೆಯೇ? ಎರಡರಲ್ಲಿ ಯಾವುದು ಕೆಟ್ಟದ್ದು? ಅರ್ಧ ಗಂಟೆ ಓಡಿದರು, ಚೆಂಡು ದಾಟಿಸಿದರು. ಏನೂ ಆಗಲಿಲ್ಲ. ಆಮೇಲೆ ಕೋಚ್ ಪೀಪಿ ಊದಿ ನಾಲ್ಕು ಕಿತ್ತಳೆ ಬಣ್ಣದ ಶಂಕುಗಳನ್ನು ಚೌಕವಾಗಿ ಇಟ್ಟರು.

"ಒಬ್ರಿಗೆ ಒಬ್ರು. ಒಬ್ಬಳು ಚೆಂಡು ತಗೊಂಡು ದಾಟ್ಬೇಕು, ಇನ್ನೊಬ್ಬಳು ತಡೀಬೇಕು. ಆಸ್ಪತ್ರೆ ಜೋಡಿ ಮೊದಲು ಬನ್ನಿ, ನಿಮಗೆ ತುಕ್ಕು ಹಿಡಿದಿರುತ್ತೆ." ಎಲ್ಲರೂ ನಕ್ಕರು. ಕೋಚ್ ಸಿಡುಕಿನ ಮನುಷ್ಯರಾದರೂ ಕೆಟ್ಟವರಲ್ಲ. ಪರೀಕ್ಷೆ ಪಾಸಾದವಳ ಕಾಲು ಗಟ್ಟಿಯಾಗಿದೆ ಎಂದು ನಂಬುವ ಮನುಷ್ಯ, ಅಷ್ಟೇ.

ಇಪ್ಪತ್ತು ಹೆಜ್ಜೆ ದೂರದಲ್ಲಿ ಗುಬ್ಬಿ ಚೆಂಡಿನ ಮೇಲೆ ಕಾಲಿಟ್ಟು ನಿಂತಳು. ಪೀಪಿ ಕೂಗಿತು. ಅವಳು ಬಂದಳು.

ಗೋಡೆಗೆ ಮೈಯೆಲ್ಲ ಕಣ್ಣಾಯಿತು. ಚೆಂಡು ಕಾಣಲಿಲ್ಲ, ಆ ಎಡ ಮೊಣಕಾಲು ಒಂದೇ ಕಾಣುತ್ತಿತ್ತು. ಏನು ಮಾಡಬೇಕೆಂದು ಹನ್ನೊಂದು ವರ್ಷದ ಮೈಗೆ ಗೊತ್ತಿತ್ತು: ಎರಡು ಹೆಜ್ಜೆ ಮುಂದೆ ಹೋಗು, ಭುಜ ಕೊಡು, ಚೆಂಡಿಗೂ ಅವಳಿಗೂ ನಡುವೆ ನಿನ್ನ ಕಾಲು ತೂರಿಸು. ಭುಜ ಕೊಟ್ಟರೆ ಅವಳು ಎಡಗಾಲಿನ ಮೇಲೆ ಬೀಳುತ್ತಾಳೆ. ಕಾಲು ತೂರಿಸಿದರೆ ತನ್ನದು ತಿರುಚುತ್ತದೆ. ಟಪ್. ಯಾರದು ಮೊದಲು? ಗೋಡೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಗುಬ್ಬಿ ದಾಟಿ ಹೋದಳು.

"ಏನಮ್ಮಾ ಅದು, ಅತಿಥಿ ಸತ್ಕಾರಾನಾ?" ಕೋಚ್ ಕೂಗಿದರು. "ಇನ್ನೊಂದ್ಸಲ!"

ಎರಡನೆಯ ಸಲ ಗುಬ್ಬಿ ನೇರವಾಗಿ ಅವಳ ಮೇಲೇ ಬಂದಳು, ಅಷ್ಟೇನೂ ಜೋರಿಲ್ಲದೆ, ತಡೆದರೆ ತಡೆಯಬಹುದೆನ್ನುವ ಹಾಗೆ. ಗೋಡೆ ಮತ್ತೆ ಸರಿದಳು. ಮೂರನೆಯ ಸಲವೂ ಅಷ್ಟೇ. ಮೂರನೆಯ ಸಲಕ್ಕೆ ನೋಡುತ್ತಿದ್ದವರ ನಗು ನಿಂತುಹೋಯಿತು. ಗುಬ್ಬಿಯ ಕಾಲನ್ನು ಉಳಿಸಲು ಸರಿದಳೋ, ತನ್ನ ಕಾಲನ್ನು ಉಳಿಸಿಕೊಳ್ಳಲು ಸರಿದಳೋ, ಅದು ಗೋಡೆಗೇ ಗೊತ್ತಿರಲಿಲ್ಲ.

ಕೋಚ್ ಅವಳ ಮುಖ ನೋಡಲಿಲ್ಲ. ಗುಬ್ಬಿಯ ಬೆನ್ನು ತಟ್ಟಿ, "ಇವಳನ್ನ ಮೂರು ಸಲ ದಾಟಿದವರನ್ನ ನಾನು ನೋಡೇ ಇಲ್ಲ. ಶನಿವಾರದ ಮ್ಯಾಚಿಗೆ ನೀನು ಮೊದಲ ಹನ್ನೊಂದರಲ್ಲಿ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ, "ನೀನು ಬೆಂಚು" ಎಂದರು.

ನೋಡಿ, ಗೋಡೆಯ ಬುದ್ಧಿ! ಹುಡುಗಿಯ ಕಾಲು ಉಳಿಸುತ್ತೇನೆಂದು ಹೊರಟು ಅದನ್ನು ನೇರವಾಗಿ ಮ್ಯಾಚಿಗೇ ಕಳಿಸಿಕೊಟ್ಟಿದ್ದಳು. ಅಲ್ಲಿ ಎದುರಿಗೆ ನಿಲ್ಲುವವರು ಪಕ್ಕಕ್ಕೆ ಸರಿಯುವುದಿಲ್ಲ. ಗುಬ್ಬಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. ಖುಷಿಯಲ್ಲಿ ಅಳುತ್ತಿರಬೇಕು ಎಂದುಕೊಂಡಳು ಗೋಡೆ.

ಮನೆಯಲ್ಲಿ ಅಮ್ಮ ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹೊಲಿಯುತ್ತ ಕೂತಿದ್ದರು. ಮಗಳ ಮುಖ ನೋಡಿ ಸೂಜಿ ನಿಲ್ಲಿಸಿದರು.

"ನೋವಾಯ್ತಾ?"

"ಇಲ್ಲಮ್ಮಾ."

"ಮತ್ಯಾಕೆ ಮುಖ ಹೀಗಿದೆ?"

"ಭಯ ಆಗ್ತಿದೆ ಅಮ್ಮಾ." ಒಂಬತ್ತು ತಿಂಗಳಲ್ಲಿ ಅವಳು ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳಿದ್ದೇ ತಡ, ಗುಬ್ಬಿಯ ವಿಷಯ, ಟೈಲ್ಸ್ ವಿಷಯ, ಎಲ್ಲ ಹೇಳಿಬಿಟ್ಟಳು.

ಅಮ್ಮನಿಗೆ ಫುಟ್ಬಾಲ್ ಎಂದರೆ ಮಗಳ ಮೈಮೇಲೆ ಗಾಯ ಮಾಡುವ ಒಂದು ವಸ್ತು, ಅದರಾಚೆ ಏನೂ ಗೊತ್ತಿಲ್ಲ. ದಾರವನ್ನು ಹಲ್ಲಲ್ಲಿ ಕಡಿದು, "ಹೇಳಿದ್ರೆ ನಿನ್ನ ಹೆಸರೂ ಹೋಗುತ್ತಾ?" ಎಂದು ಕೇಳಿದರು.

"ಹೋಗುತ್ತೆ."

"ಹೇಳದಿದ್ರೆ ನಿಂಗೆ ಊಟ ಸೇರುತ್ತಾ?"

ಅಮ್ಮ ಇನ್ನೊಂದು ಗುಂಡಿ ಎತ್ತಿಕೊಂಡರು.

ಶುಕ್ರವಾರ ಮೇಡಂ ಬಾಗಿಲು ತೆಗೆಯುವ ಮೊದಲೇ ಗೋಡೆ ಮೆಟ್ಟಿಲ ಕೆಳಗೆ ನಿಂತಿದ್ದಳು. ಎರಡು ಸಲ ವಾಪಸ್ ಹೋಗಲು ತಿರುಗಿದ್ದಳು. ಮೇಡಂ ಬೀಗ ತೆಗೆದು ದೀಪ ಹಾಕಿದ ಕೂಡಲೇ, ಮನಸ್ಸು ಬದಲಾಗುವ ಮೊದಲು, "ಮತ್ತೊಂದ್ಸಲ ಅಳೀರಿ" ಎಂದಳು.

"ಯಾಕೆ?"

"ಒಳ್ಳೆ ಕಾಲನ್ನ ಬೇಕಂತಲೇ ಹಿಂದೆ ಹಿಡಿದು ಹಾರಿಸಿದ್ದೆ."

ಮೇಡಂ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಟೇಪು ಹಾಸಿದರು. ಗೋಡೆ ಬಲಗಾಲಿನಲ್ಲಿ ಮನಸಾರೆ ಹಾರಿದಳು. ನೂರ ಐವತ್ತೆಂಟು. ಎಡಗಾಲು ನೂರ ಮೂವತ್ತೊಂದು. ಮೇಡಂ ಪೆನ್ಸಿಲನ್ನು ಕಾಗದಕ್ಕೆ ಒತ್ತಿ ಹಿಡಿದರು, ಮೊನೆ ಮುರಿಯಿತು.

"ಎಂಬತ್ಮೂರು. ಇದನ್ನ ನಂಬಿ ನಿನ್ನನ್ನ ಮೈದಾನಕ್ಕೆ ಬಿಟ್ಟಿದ್ದೆ. ನಿನ್ನೆ ಏನಾದ್ರೂ ಆಗಿದ್ರೆ?" ದನಿ ಏರಲಿಲ್ಲ; ಏರಿದ್ದರೆ ಗೋಡೆಗೆ ಎಷ್ಟೋ ವಾಸಿಯಾಗಿರುತ್ತಿತ್ತು. "ಸಂಜೆ ಪಟ್ಟಿ ಹೋಗುತ್ತೆ. ನಾನು ಇದನ್ನೇ ಬರೀಬೇಕು, ಗೊತ್ತಲ್ಲ?"

"ಗೊತ್ತು."

"ಮತ್ತೆ ಯಾಕೆ ಬಂದೆ? ಬೆಂಚಿನ ಮೇಲೆ ಸುಮ್ನೆ ಕೂತಿರಬಹುದಾಗಿತ್ತು."

ಗೋಡೆ ಮುರಿದ ಪೆನ್ಸಿಲ್ ಮೊನೆಯನ್ನು ನೆಲದಿಂದ ಎತ್ತಿಕೊಂಡಳು. ತನ್ನ ಕಾಲಿನ ವಿಷಯ ಹೇಳುವುದು ತನಗೆ ಬಿಟ್ಟದ್ದು. ಇನ್ನೊಬ್ಬಳದನ್ನು ಹೇಳುವುದಕ್ಕೆ ಚಾಡಿ ಎಂದು ಹೆಸರು. ಮೈದಾನದಲ್ಲಿ ಚಾಡಿ ಹೇಳಿದವಳ ಪಕ್ಕ ಯಾರೂ ಬಟ್ಟೆ ಬದಲಿಸುವುದಿಲ್ಲ.

"ನನ್ನ ನೋಡಿ ಇನ್ನೊಬ್ಬಳು ಕಲ್ತಿದಾಳೆ" ಎಂದಳು. "ಅವಳು ನಾಳೆ ಆಡ್ತಾಳೆ."

ಗುಬ್ಬಿ ಬಂದಾಗ ಕೋಣೆಯಲ್ಲಿ ಇಬ್ಬರೂ ನಿಂತಿದ್ದರು, ನೆಲದ ಮೇಲೆ ಟೇಪು ಬಿದ್ದಿತ್ತು. ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ. ಗೋಡೆಯನ್ನು ನೋಡಿದಳು. ಗೋಡೆ ಆ ನೋಟಕ್ಕೆ ಕಣ್ಣು ಕೊಡಲಾರದೆ ಸೈಕಲ್ಲಿನ ಚಕ್ರ ನೋಡುತ್ತ ನಿಂತಳು. ಈಗ ಬೈಯುತ್ತಾಳೆ, ಬೈಯಲಿ, ಹೊಡೆದರೂ ಹೊಡೆಯಲಿ ಎಂದು ಕಾದಳು.

"ಬಾಮ್ಮಾ" ಎಂದರು ಮೇಡಂ. "ಒಳ್ಳೆ ಕಾಲು ಮೊದಲು. ಈ ಸಲ ಪೂರ್ತಿ."

ಗುಬ್ಬಿ ಬೂಟು ಬಿಗಿಮಾಡಿಕೊಂಡು ಗೆರೆಯ ಮೇಲೆ ನಿಂತು ಹಾರಿದಳು. ಎಂಥ ನೆಗೆತ! ಐದನೆಯ ಟೈಲ್ಸ್ ದಾಟಿ, ಅಲುಗಾಡದೆ ನಿಂತಳು. ನೂರೈವತ್ತೈದು. ಮೇಡಂ ಬೇರೆ ಪೆನ್ಸಿಲ್ ತೆಗೆದು ಬರೆದುಕೊಂಡರು.

"ಈಗ ಆ ಕಾಲು."

ಗುಬ್ಬಿ ವಾಪಸ್ ಬಂದು ಎಡಗಾಲಿನ ಮೇಲೆ ನಿಂತಳು. ಸೊಂಟದ ಮೇಲೆ ಕೈ ಇಟ್ಟಳು. ಮಂಡಿ ಬಗ್ಗಿಸಿದಳು. ಮತ್ತೆ ನೆಟ್ಟಗಾದಳು. ಇನ್ನೊಮ್ಮೆ ಬಗ್ಗಿಸಿದಳು. ಎರಡು ದಿನದ ಹಿಂದೆ ಇದೇ ಗೆರೆಯಿಂದ ನೂರ ಇಪ್ಪತ್ತನಾಲ್ಕು ಹಾರಿದ್ದವಳು, ಗೆರೆ ಬಿಟ್ಟು ಕದಲಲಿಲ್ಲ. ಮೇಡಂ ಪೆನ್ಸಿಲು ಹಿಡಿದು ಕಾಯುತ್ತಲೇ ಇದ್ದರು. ಹೊರಗೆ ಮೈದಾನದಲ್ಲಿ ಯಾರೋ ಚೆಂಡು ಒದ್ದದ್ದು ಕೇಳಿಸಿತು.

"ಆಗಲ್ಲ" ಎಂದಳು ಗುಬ್ಬಿ. ಕಾಲು ಕೆಳಗಿಟ್ಟು ನೆಲದ ಮೇಲೇ ಕೂತುಬಿಟ್ಟಳು.

ಗೋಡೆ ಓಡಿಹೋಗಿ ಪಕ್ಕದಲ್ಲಿ ಕೂತಳು. "ತಪ್ಪಾಯ್ತು ಕಣೇ. ನಿನ್ನ ಸೀಸನ್ ಹಾಳು ಮಾಡ್ದೆ. ನನ್ನ ಮೇಲೆ ಎಷ್ಟು ಬೇಕಾದ್ರೂ ಸಿಟ್ಟು ಮಾಡ್ಕೋ, ಆದ್ರೆ ನಾಳೆ ನೀನು ಆಡೋದನ್ನ ನೋಡ್ತಾ ಕೂರೋಕೆ ನನ್ನಿಂದ ಆಗ್ತಿರಲಿಲ್ಲ."

ಗುಬ್ಬಿ ಎರಡು ಕೈಯಲ್ಲೂ ತನ್ನ ಎಡ ಮೊಣಕಾಲನ್ನು ಮುಚ್ಚಿ ಹಿಡಿದಿದ್ದಳು. ಮುಖದಲ್ಲಿ ಸಿಟ್ಟಿತ್ತು, ನಿಜ. ಆದರೆ ಗೋಡೆ ಎಣಿಸಿದ ಸಿಟ್ಟು ಅದಾಗಿರಲಿಲ್ಲ.

"ನನ್ನ ಸಿಟ್ಟು ಇದಕ್ಕಲ್ಲ ಅಕ್ಕಾ" ಎಂದಳು. ದನಿ ಒಡೆದಿತ್ತು. "ಪಾಸಾದ ದಿನದಿಂದ ನನ್ನ ಜೀವ ಕೈಯಲ್ಲಿದೆ. ಬಾಯಿಬಿಟ್ಟು ಹೇಳೋಕೆ ಆಗ್ಲಿಲ್ಲ. ಇನ್ನೇನು ಗೋಡೆ ಅಕ್ಕ ಎದುರಿಗೆ ಬರ್ತಾಳೆ, ಮೊದಲನೇ ಸಲಾನೇ ಚೆಂಡು ಕಿತ್ಕೋತಾಳೆ, ಕೋಚ್ ನೋಡಿ ಇವಳು ಇನ್ನೂ ರೆಡಿ ಆಗಿಲ್ಲ ಅಂತಾರೆ, ನಾನು ಬಚಾವಾಗ್ತೀನಿ ಅಂದ್ಕೊಂಡಿದ್ದೆ." ಉಸಿರೆಳೆದುಕೊಂಡಳು. "ನಿನ್ನ ಮೇಲೇ ಬಂದೆ. ನಿಧಾನಕ್ಕೆ ಬಂದೆ. ಮೂರು ಸಲ ಬಂದೆ. ಮೂರು ಸಲಾನೂ ನೀನು ಬಿಟ್ಟುಬಿಟ್ಟೆ."